ಶಾಸಕರ ತೂಕದ ಬೆಲ್ಲ

ಇಂದ:
ತಾರಾನಾಥ,
ಮಾಲಕ, ಹೋಟೆಲ್ ಅಂಬಾ ಪ್ರಸಾದ (ಉಳಿದ ಅರ್ಧ),
ಡೊಂಬಿವಲಿ ಪೂರ್ವ, ಠಾಣೆ ಜಿಲ್ಲೆ.

ಗೆ:
ಶ್ರೀ ದುರ್ಗಾಪರಮೇಶ್ವರಿ ಅಮ್ಮನವರು,
ಗರ್ಭಗುಡಿ, ಕಲ್ಲಗುಡ್ಡೆ ಗ್ರಾಮ, ಉಡುಪಿ ಜಿಲ್ಲೆ.

ಮೂಲಕ: ಯಾರ ಮೂಲಕವೂ ಅಲ್ಲ, ನೇರ. (ಕಾರಣ ಅಂಶ ೮ರಲ್ಲಿದೆ.)

ದಿನಾಂಕ: ಡಿಸೆಂಬರ್ ೨೦೧೯

ವಿಷಯ: ಶಾಸಕ ಪ್ರೇಮನಾಥ ದಾದಾ ಅವರ ತುಲಾಭಾರದ ಹರಕೆಯು ೨೦೦೪ರಿಂದ ಬಾಕಿ ಇರುವ ಕಾರಣ, ತಕ್ಕಡಿಯಲ್ಲಿ ಕೂರುವ ವ್ಯಕ್ತಿಯನ್ನು ಬದಲಾಯಿಸಲು ಅನುಮತಿ ಕೋರಿ.

ಉಲ್ಲೇಖ: ೧. ೨೦೦೪ರ ಮತ ಎಣಿಕೆಯ ದಿನ ಇಡ್ಲಿ ಪಾತ್ರೆಯ ಮುಂದೆ ನಿಂತು ನಾನು ಹೇಳಿಕೊಂಡ ಮೌಖಿಕ ಹರಕೆ.
೨. ಅದರ ಮರುದಿನ ನನ್ನ ಪತ್ನಿ ರತ್ನಾವತಿ ಹೊರಡಿಸಿದ ಮೌಖಿಕ ಆದೇಶ.
೩. ಡಾಕ್ಟರರ ಚೀಟಿ, ನವೆಂಬರ್ ೨೦೧೯.

ಮಾನ್ಯ ಅಮ್ಮನವರೇ,

ಮೇಲಿನ ವಿಷಯದಲ್ಲಿ ತಮ್ಮ ಪಾದಗಳಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ತಮ್ಮ ಗ್ರಾಮದವನು, ಹೊಟ್ಟೆಪಾಡಿಗಾಗಿ ಡೊಂಬಿವಲಿಯಲ್ಲಿ ತಮ್ಮ ಹೆಸರಿನಲ್ಲೇ ಹೋಟೆಲ್ ನಡೆಸುತ್ತಿರುವವನು. ಗಲ್ಲಾದ ಮೇಲೆ ತಮ್ಮ ಫೋಟೋ ಇರುವ ಕಾರಣ ಇಲ್ಲಿ ನಡೆದ ಬಹುಪಾಲು ಸಂಗತಿಗಳನ್ನು ತಾವು ಖುದ್ದಾಗಿ ನೋಡಿರುತ್ತೀರಿ. ಆದರೂ ಅರ್ಜಿ ಎಂದ ಮೇಲೆ ಬರೆಯಲೇಬೇಕು. ಬಾಯಿಮಾತನ್ನು ನಂಬಿ ಕೆಟ್ಟವನು ನಾನು.

೧. ೨೦೦೪ರ ಮಳೆಗಾಲಕ್ಕೆ ಮೊದಲು ರಸ್ತೆ ಅಗಲ ಮಾಡುವವರು ಬಂದು ನಮ್ಮ ಹೋಟೆಲಿನ ಗೋಡೆಗೆ ಕೆಂಪು ಬಣ್ಣದ ಒಂದು ಗೀಟು ಎಳೆದು ಹೋದರು. ಗೀಟಿನ ಈಚೆಗಿನ ಆರು ಮೇಜು ರಸ್ತೆಗೆ, ಆಚೆಗಿನ ಐದು ಮೇಜು ನಮಗೆ ಎಂದು ಅದರ ಅರ್ಥ. ಆ ಕಾಲಕ್ಕೆ ಪ್ರೇಮನಾಥ ಎಂಬ ತರುಣರು ದಿನಾ ಬೆಳಿಗ್ಗೆ ನಮ್ಮಲ್ಲಿ ಇಡ್ಲಿ ತಿನ್ನಲು ಬರುತ್ತಿದ್ದರು. ಸಣಕಲು ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸಾಂಬಾರು ಮಾತ್ರ ಮೂರು ಸಲ. ಛತ್ರಿ ಗುರುತಿನ ಪಕ್ಷ ಅವರಿಗೆ ವಿಧಾನಸಭೆಯ ಟಿಕೆಟ್ ಕೊಟ್ಟಿತ್ತು. ನಾನು ಗೀಟು ತೋರಿಸಿದೆ. ಅವರು ಕೈ ತೊಳೆದು ಬಂದು, ಗೀಟಿನ ಮೇಲೆ ಒದ್ದೆ ಕೈ ಇಟ್ಟು, "ಅಣ್ಣಾ, ಟೆನ್ಶನ್ ಮತ್ ಲೋ. ಮೈ ಜೀತಾ ತೋ ಯೇ ಲೈನ್ ಗಯಾ ಸಮ್ಝೋ" ಎಂದರು. ತಮಗೆ ಮುಂಬಯಿ ಹಿಂದಿಯ ರೂಢಿ ಇಲ್ಲದಿರಬಹುದಾದ ಕಾರಣ ಸಾರಾಂಶ: ಅವರು ಗೆದ್ದರೆ ಗೀಟು ಹೋಯಿತೆಂದೇ ತಿಳಿಯುವುದು.

೨. ಎಣಿಕೆಯ ದಿನ ಹೋಟೆಲಿನ ಟಿವಿಯಲ್ಲಿ ಅವರು ಮುಂದೆ, ಹಿಂದೆ, ಮತ್ತೆ ಹಿಂದೆ ಆಗುತ್ತಿದ್ದರು. ಇಡ್ಲಿಯ ಹಬೆಯಲ್ಲಿ ನಿಂತು ತಮ್ಮ ಫೋಟೋ ನೋಡಿ, "ಅಮ್ಮಾ, ಈ ಮನುಷ್ಯನನ್ನೊಂದು ಗೆಲ್ಲಿಸಿ ಕೊಡು. ನಿನ್ನ ನಡೆಯಲ್ಲಿ ಇವನ ತೂಕದ ಬೆಲ್ಲ ತುಲಾಭಾರ ಮಾಡಿಸ್ತೇನೆ" ಎಂದೆ. ಸಾಕ್ಷಿ: ನಮ್ಮ ಅಡುಗೆಯ ಸರ್ವೋತ್ತಮ. ಅವರು ಕೂದಲೆಳೆಯಲ್ಲಿ ಗೆದ್ದರು. ಆ ಕೂದಲು ತಮ್ಮದೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ.

ಮರುದಿನ ಗುಲಾಲು ಮೆತ್ತಿದ ಅಂಗಿಯಲ್ಲೇ ಅವರನ್ನು ಸ್ಟೇಷನ್ನಿಗೆ ಕರೆದೊಯ್ದು ತೂಕದ ಯಂತ್ರದ ಮೇಲೆ ನಿಲ್ಲಿಸಿ ನಾಣ್ಯ ಹಾಕಿದೆ. ಐವತ್ತಾರು ಕಿಲೋ. ಟಿಕೇಟಿನ ಹಿಂದೆ ಎಂದಿನಂತೆ ಭವಿಷ್ಯ ಅಚ್ಚಾಗಿತ್ತು: ಇವರು ಸ್ಥಿರ ಸ್ವಭಾವದವರು, ಹಿಡಿದ ಕೈ ಬಿಡುವವರಲ್ಲ ಎಂದು. ಸದರಿ ಟಿಕೇಟನ್ನು ಲಗತ್ತಿಸಿದೆ.

೩. ಅದೇ ಸಂಜೆ ರತ್ನಾವತಿ ಹೋಟೆಲಿಗೆ ಬಂದು ಉಗ್ರಾಣದ ಬೀಗದ ಕೈ ತೆಗೆದುಕೊಂಡಳು. ಬೆಲ್ಲದ ಡಬ್ಬಿಯನ್ನು ಅಕ್ಕಪಕ್ಕದವರಿಗೆ ಹಂಚಿಸಿದಳು. "ದೇವರಿಗೆ ಕೊಡ್ತೇನೆ ಅಂತ ಬಾಯಲ್ಲಿ ಹೇಳಿದ ವಸ್ತು ದೇವರಿಗೆ ಮುಟ್ಟುವ ಮೊದಲು ನಾವು ತಿನ್ಲಿಕ್ಕುಂಟಾ? ನಿಮಗೆಂತ ಮರ್ಲಾ?" ಎಂದಳು. ಆದ್ದರಿಂದ ತುಲಾಭಾರ ಆಗುವವರೆಗೆ ಮನೆಗೂ ಹೋಟೆಲಿಗೂ ಬೆಲ್ಲ ಬಂದ್. ಸಕ್ಕರೆ ಬೆಲ್ಲದ ತಮ್ಮನಾದ ಕಾರಣ ಅವಳ ಮಟ್ಟಿಗೆ ಅದೂ ಬಂದ್. ಗಿರಾಕಿಗಳ ಕಾಫಿಗೆ ಮಾತ್ರ ವಿನಾಯಿತಿ. ಒಂದು ತಿಂಗಳ ಮಾತು ತಾನೇ ಎಂದು ನಾನೂ ತಲೆಯಾಡಿಸಿದೆ.

ಬೆಲ್ಲವಿಲ್ಲದ ಉಡುಪಿ ಸಾಂಬಾರು ಹೇಗಿರುತ್ತದೆಂದು ತಮಗೆ ವಿವರಿಸುವ ಅಗತ್ಯವಿಲ್ಲ. ಸರ್ವೋತ್ತಮ ಸಿಹಿಗುಂಬಳ ಹಾಕಿ ನೋಡಿದ, ಕ್ಯಾರೆಟ್ ಹಾಕಿ ನೋಡಿದ. ಕೊನೆಗೆ ಸೌಟು ಕೆಳಗಿಟ್ಟು, "ಉಪ್ಪು, ಹುಳಿ, ಖಾರ ಮೂರೇ ಇದ್ರೆ ಅದು ಸಾಂಬಾರಲ್ಲ ಮಾರಾಯ್ರೆ, ಜಗಳ" ಎಂದ. ಗಿರಾಕಿಗಳೂ ಹಾಗೇ ತಿಳಿದರು. ಮೊದಲು ಗುಜರಾತಿಗಳು ಹೋದರು, ಆಮೇಲೆ ನಮ್ಮವರೇ ಹೋದರು.

೪. ಇನ್ನು ಶಾಸಕರು ಏಕೆ ಬರಲಿಲ್ಲವೆಂದರೆ:

ಮೊದಲ ಅವಧಿಯಲ್ಲಿ ಅಧಿವೇಶನ. ಅಧಿವೇಶನ ಇಲ್ಲದಾಗ ಅದರ ತಯಾರಿ. ೨೦೦೯ರಲ್ಲಿ ಅವರು ಛತ್ರಿಯನ್ನು ಮಡಚಿ ಟಾರ್ಚ್ ಗುರುತಿನ ಪಕ್ಷ ಸೇರಿದರು. ಛತ್ರಿಯಡಿ ಕತ್ತಲೆಯಿತ್ತು ಎಂದು ಭಾಷಣ ಮಾಡಿದರು. ಮತ್ತೆ ಗೆದ್ದರು. ನಾನು ಎರಡು ಸಲ ಊರಿನ ಮತ್ಸ್ಯಗಂಧ ರೈಲಿಗೆ ಠಾಣೆಯಿಂದ ಟಿಕೇಟು ಮಾಡಿಸಿದೆ. ಮೊದಲ ಸಲ ಅವರು ಫೋನ್ ಎತ್ತಲಿಲ್ಲ. ಎರಡನೆಯ ಸಲ ಅವರ ಪಕ್ಷವೇ ಅವರನ್ನು ಇತರ ಶಾಸಕರೊಂದಿಗೆ ಒಂದು ರೆಸಾರ್ಟಿನಲ್ಲಿ ಕೂಡಿಹಾಕಿತ್ತು. ಆ ರೆಸಾರ್ಟು ಕರ್ನಾಟಕದಲ್ಲೇ ಇತ್ತು ಎಂಬುದನ್ನು ವಿಷಾದದಿಂದ ತಿಳಿಸುತ್ತೇನೆ. ತಮ್ಮ ಗುಡಿಗೆ ಅಷ್ಟು ಸಮೀಪಕ್ಕೆ ಅವರು ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಆದರೆ ಗೇಟಿಗೆ ಬೀಗ.

ಈ ನಡುವೆ ಅವರನ್ನು ತೂಗದವರೇ ಇಲ್ಲವೆಂದಾಯಿತು. ಹುಟ್ಟುಹಬ್ಬಕ್ಕೆ ಕಲ್ಯಾಣದಲ್ಲಿ ಲಾಡುವಿನಲ್ಲಿ ತೂಗಿದರು. ವರ್ತಕ ನಗರದಲ್ಲಿ ನೋಟ್ ಪುಸ್ತಕಗಳಲ್ಲಿ ತೂಗಿದರು. ಪ್ರತಿಸಲವೂ ಎಷ್ಟು ಕಿಲೋ ಎಂದು ಬ್ಯಾನರು ಹಾಕುತ್ತಿದ್ದ ಕಾರಣ ನನ್ನ ಬಾಕಿ ಏರುತ್ತಿದ್ದುದು ನನಗೆ ರಸ್ತೆರಸ್ತೆಯಲ್ಲಿ ತಿಳಿಯುತ್ತಿತ್ತು. ಅಧಿಕಾರ ಒಬ್ಬೊಬ್ಬರ ಮೈಗೆ ಹಿಡಿಯುತ್ತದೆ. ಅವರಿಗೆ ಚೆನ್ನಾಗಿ ಹಿಡಿಯಿತು. ಲಾಡುವಿನಲ್ಲಿ ಆದ ತುಲಾಭಾರವನ್ನೇ ನಮ್ಮ ಹರಕೆಗೆ ಜಮಾ ಮಾಡಬಹುದೇ ಎಂದು ಊರಿನ ಭಟ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ಫೋನ್ ಇಟ್ಟುಬಿಟ್ಟರು.

೫. ೨೦೧೪ರಲ್ಲಿ ಅವರು ಟಾರ್ಚ್ ಆರಿಸಿ ಹೊಲಿಗೆ ಯಂತ್ರದ ಪಕ್ಷ ಸೇರಿ ಮೂರನೆಯ ಬಾರಿಗೆ ಗೆದ್ದರು. ಈ ಬಾರಿ ಸರಕಾರ ಅವರ ಪಕ್ಷದ್ದೇ. ಮರುವರ್ಷ ರಸ್ತೆ ಅಗಲೀಕರಣದ ಮುಹೂರ್ತ ಮಾಡಿದವರು ಅವರೇ. ಒಡೆದ ತೆಂಗಿನಕಾಯಿ ನಮ್ಮ ಹೋಟೆಲಿನಿಂದ ಹೋದದ್ದು, ಚಟ್ನಿಗೆ ತಂದಿಟ್ಟದ್ದು. ಕೆಂಪು ಗೀಟು ಹನ್ನೊಂದು ವರ್ಷದಲ್ಲಿ ಮಾಸಿತ್ತಾದ್ದರಿಂದ ಹೊಸದಾಗಿ ಎಳೆದರು. ನಾನು ಕಣ್ಣೀರು ತಡೆಯಲಾರದೆ, "ದಾದಾ, ಈ ಗೀಟಿನ ಮೇಲೆ ಕೈಯಿಟ್ಟು ನೀವು ಹೇಳಿದ್ದು ನೆನಪಿದೆಯಾ?" ಎಂದು ಕೇಳಿದೆ. ಅವರು ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ತೇವ್ಹಾ ಮೀ ವಿರೋಧಾತ್ ಹೋತೋ. ಆತಾ ಸರಕಾರ್ ಆಪ್ಲಂ ಆಹೇ" ಎಂದರು. ಮರಾಠಿಯ ಸಾರಾಂಶ: ಆಗ ತಾನು ವಿರೋಧದಲ್ಲಿದ್ದೆ, ಈಗ ಸರಕಾರ ನಮ್ಮದೇ. 'ನಮ್ಮದೇ' ಎಂಬುದರಲ್ಲಿ ನನ್ನನ್ನೂ ಸೇರಿಸಿದ್ದಾರೆಯೇ ಎಂದು ಕೇಳುವಷ್ಟರಲ್ಲಿ ಜೆಸಿಬಿ ಶುರುವಾಯಿತು.

ಆರು ಮೇಜು ಹೋದವು. ತಮ್ಮ ಫೋಟೋವನ್ನು ಸುರಕ್ಷಿತವಾಗಿ ಐದು ಮೇಜಿನ ಬದಿಗೆ ಸ್ಥಳಾಂತರಿಸಲಾಗಿದೆ.

೬. ಈ ಅಂಶ ಅರ್ಜಿಗೆ ಎಷ್ಟು ಪ್ರಸ್ತುತವೋ ತಿಳಿಯದು, ಆದರೂ ನನಗೆ ಇದೇ ಮುಖ್ಯ. ನಮ್ಮ ಮಗ ಲತೀಶನ ಮದುವೆ ನೆರೂಳದ ಹಾಲ್ ಒಂದರಲ್ಲಿ ಆಯಿತು. ಎಲೆಗೆ ಪಾಯಸ ಬಂದಾಗ ರತ್ನಾವತಿ ಕೈ ಅಡ್ಡ ಹಿಡಿದಳು. ಮಗನ ಮದುವೆಯ ಪಾಯಸ! ಬೀಗರು ಅವಳಿಗೆ ಸಕ್ಕರೆ ಕಾಯಿಲೆ ಇರಬೇಕೆಂದು ತಿಳಿದು ಹಾಗಲಕಾಯಿಯ ರಸದ ಗುಣಗಾನ ಮಾಡಿದರು. ಅವಳು ಹೌದು ಹೌದು ಎಂದಳು. ಹರಕೆ ಹೊತ್ತವನು ನಾನು, ಗೆದ್ದವರು ಅವರು, ಬಾಯಿ ಕಟ್ಟಿದವಳು ಅವಳು. ಅಂದು ನಾನೂ ಪಾಯಸ ಮುಟ್ಟದೆ ಎಲೆ ಮಡಚಿದೆ.

ಕಳೆದ ತಿಂಗಳು ಅವಳಿಗೆ ತಲೆಸುತ್ತು ಬಂದದ್ದರಿಂದ ರಕ್ತಪರೀಕ್ಷೆ ಮಾಡಿಸಿದೆವು. ಡಾಕ್ಟರರು ಚೀಟಿ ನೋಡಿ, ಶುಗರ್ ಬಾರ್ಡರಿನಲ್ಲಿದೆ, ಮುಂದಿನ ಟೆಸ್ಟಿನಲ್ಲಿ ಏರಿದರೆ ಸಿಹಿ ಪೂರ್ತಿ ಬಂದ್ ಎಂದರು. "ದಿನಾ ಎಷ್ಟು ಸಿಹಿ ತಿಂತೀರಿ?" ಎಂದು ಕೇಳಿದರು. ರತ್ನಾವತಿ ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು. ಹದಿನೈದು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ. ನನಗೆ ನಗು ಬರಲಿಲ್ಲ. ಹರಕೆ ತೀರಿಸಲು ಇನ್ನು ಉಳಿದಿರುವುದು ಮುಂದಿನ ಟೆಸ್ಟಿನವರೆಗಿನ ಸಮಯ ಮಾತ್ರ. ಆಮೇಲೆ ತೀರಿಸಿದರೂ ಅವಳಿಗೆ ಅದರ ಪ್ರಯೋಜನವಿಲ್ಲ.

೭. ಇದೇ ಅಕ್ಟೋಬರಿನಲ್ಲಿ ದಾದಾ ಸೀಟಿ ಗುರುತಿನಲ್ಲಿ ನಿಂತು ಠೇವಣಿ ಕಳೆದುಕೊಂಡರು. ಹೊಲಿಗೆ ಯಂತ್ರದವರು ಟಿಕೆಟ್ ಕೊಡದ ಕಾರಣ ಸೀಟಿ ಊದಬೇಕಾಯಿತು. ಮೊನ್ನೆ ಅವರು ನಮ್ಮ ಹೋಟೆಲಿಗೆ ಬಂದರು. ಶೇರ್ ರಿಕ್ಷಾದಿಂದ ಇಳಿದು, ಒಬ್ಬರೇ. ಮೂಲೆಯ ಮೇಜಿನಲ್ಲಿ ಕೂತು ಇಡ್ಲಿ ತರಿಸಿದರು. ಒಂದು ಚಮಚ ಸಾಂಬಾರು ಬಾಯಿಗಿಟ್ಟು, "ಅಣ್ಣಾ, ಪಹಲೇ ಸಾಂಬಾರ್ ಥೋಡಾ ಮೀಠಾ ಹೋತಾ ಥಾ" ಎಂದರು. ಮೊದಲು ಸ್ವಲ್ಪ ಸಿಹಿಯಿರುತ್ತಿತ್ತಂತೆ. ಅವರ ನಾಲಿಗೆಗೆ ಮಾತ್ರ ನೆನಪು ಚೆನ್ನಾಗಿದೆ.

ನಾನು ಎಲ್ಲವನ್ನೂ ಹೇಳಿದೆ. ಅವರಿಗೆ ನಿಜಕ್ಕೂ ಬೇಸರವಾಯಿತು, ಅದನ್ನು ಇಲ್ಲವೆನ್ನಲಾರೆ. "ಅಭೀ ತೋ ಟೈಮ್ ಹೀ ಟೈಮ್ ಹೈ. ಕಲ್ ಹೀ ಚಲೋ" ಎಂದರು. ಈಗ ಸಮಯವೇ ಸಮಯ, ನಾಳೆಯೇ ಹೊರಡೋಣವೆಂದು ಎದ್ದೇ ನಿಂತರು. ನನಗೆ ಹೋದ ಜೀವ ಬಂದಂತಾಯಿತು. ಆಗ ಅವರು ಮತ್ತೆ ಕೂತು, ದೇವಿಯ ಎದುರು ಇನ್ನೊಂದು ಮಾತನ್ನೂ ಸೇರಿಸಿಬಿಡು, ಮುಂದಿನ ಚುನಾವಣೆಯಲ್ಲಿ ಗೆಲ್ಲಿಸಿದರೆ ಡಬಲ್ ತೂಕ ಎಂದರು.

"ಯಾವ ಪಾರ್ಟಿಯಿಂದ, ದಾದಾ?"

"ವೋ ಬಾದ್ ಮೇ ದೇಖೇಂಗೇ." ಅದನ್ನು ಆಮೇಲೆ ನೋಡೋಣವಂತೆ.

ರತ್ನಾವತಿ ಅಡುಗೆಮನೆಯ ಬಾಗಿಲಿಗೆ ಬಂದಳು. "ದಾದಾ, ಜೀತಾ ತಬ್ ಆನೇ ಕಾ ಥಾ" ಎಂದಳು. ಗೆದ್ದಾಗ ಬರಬೇಕಿತ್ತು ಎಂದು. ಆಮೇಲೆ ನನ್ನತ್ತ ತಿರುಗಿ ತುಳುವಿನಲ್ಲಿ ಹೇಳಿದಳು. ತುಳುವಾದ್ದರಿಂದ ತಮಗೆ ನೇರವಾಗಿಯೇ ಕೇಳಿಸಿರಬಹುದು, ಕಡತಕ್ಕಾಗಿ ಕನ್ನಡದಲ್ಲಿ ಕೊಡುತ್ತೇನೆ: "ಗೆದ್ದಾಗ ಬಾರದವರನ್ನು ಸೋತಾಗ ಕರ್ಕೊಂಡು ಹೋಗಿ ಅಮ್ಮನ ಎದುರು ಕೂರಿಸಿ ಎಂತ ಹೇಳುದು? ನಮ್ಗೆ ಬೇಕಾದ್ದು ಹೋಟೆಲು. ನೀವು ಕೇಳಿದ್ದು ಇವರನ್ನು. ಅಮ್ಮ ಕೇಳಿದ್ದನ್ನೇ ಕೊಟ್ಳು. ಅವಳದ್ದೆಂತ ತಪ್ಪು?"

ದಾದಾ ಇಡ್ಲಿ ಮುಗಿಸಿದರು. ಸಾಂಬಾರನ್ನು ಬಿಟ್ಟು ಹೋದರು.

೮. ಆದ್ದರಿಂದ ನಿವೇದಿಸುವುದೇನೆಂದರೆ, ಈ ಊರಿನಲ್ಲಿ ರೇಷನ್ ಕಾರ್ಡಿಗೂ ಶಾಲೆಯ ಸೀಟಿಗೂ ನೀರಿನ ನಳ್ಳಿಗೂ ಯಾರಾದರೊಬ್ಬರ ಚೀಟಿ ಹಿಡಿದುಕೊಂಡು ಹೋಗಿ ಹೋಗಿ ನನಗೆ ಅದೇ ಅಭ್ಯಾಸವಾಗಿತ್ತು. ಆ ಕಾರಣ, "ಅಮ್ಮಾ, ನನ್ನ ಹೋಟೆಲ್ ಉಳಿಸು" ಎಂದು ಹೆತ್ತ ತಾಯಿಗೆ ಸಮಾನರಾದ ತಮ್ಮ ಹತ್ತಿರ ನೇರ ಕೇಳುವುದನ್ನು ಬಿಟ್ಟು ಶಾಸಕರ ಮೂಲಕ ಬಂದೆ. ಅದರ ಫಲವನ್ನು ಅನುಭವಿಸಿದ್ದೇನೆ. ಈ ಸಲ ಊರಿನ ಮೊಕ್ತೇಸರರ ಸಹಿಯನ್ನೂ ಹಾಕಿಸಿಲ್ಲ.

ಕಾರಣ, ತಾವು ದಯಮಾಡಿ:

(ಅ) ಸದರಿ ಹರಕೆಯ ಶೀರ್ಷಿಕೆಯನ್ನು 'ಶಾಸಕರ ಗೆಲುವು' ಎಂಬುದರಿಂದ 'ಐದು ಮೇಜು ಉಳಿದದ್ದು' ಎಂದು ಬದಲಾಯಿಸಬೇಕು.

(ಆ) ಶಾಸಕರ ಬದಲಿಗೆ ರತ್ನಾವತಿಯನ್ನು ತಕ್ಕಡಿಯಲ್ಲಿ ಕೂರಿಸಲು ಅನುಮತಿಸಬೇಕು. ಡಾಕ್ಟರರ ಚೀಟಿಯಂತೆ ಅವಳ ತೂಕ ಐವತ್ತನಾಲ್ಕು. ೨೦೦೪ರ ಶಾಸಕರಿಗಿಂತ ಎರಡು ಕಿಲೋ ಕಡಿಮೆ. ವ್ಯತ್ಯಾಸದ ಬೆಲ್ಲವನ್ನು ಪ್ರತ್ಯೇಕವಾಗಿ ಒಪ್ಪಿಸುತ್ತೇನೆ. ೨೦೦೪ರ ನಂತರ ಏರಿದ ತೂಕಕ್ಕೆ ನಾನು ಜವಾಬ್ದಾರನಲ್ಲ.

(ಇ) ಮಾಜಿ ಶಾಸಕರು ತಾವೂ ಕೂರುತ್ತೇನೆಂದು ಬಂದಲ್ಲಿ, ಬೆಲ್ಲವನ್ನು ಅವರೇ ತರತಕ್ಕದ್ದೆಂದು ಸೂಚಿಸಬೇಕು.

(ಈ) ಒಪ್ಪಿಗೆ ಇದ್ದಲ್ಲಿ ಎಂದಿನಂತೆ ಬಲಗಡೆಯಿಂದ ಹೂ ಬೀಳಿಸಿ ಆದೇಶ ಹೊರಡಿಸಬೇಕು.

(ಉ) ತೂಗಿ ಆದ ಕೂಡಲೇ, ಅವಳು ತಕ್ಕಡಿಯಿಂದ ಇಳಿಯುವ ಮೊದಲೇ, ಅದೇ ಬೆಲ್ಲದಿಂದ ಒಂದು ತುಂಡು ಮುರಿದು ಅವಳ ಬಾಯಿಗೆ ಹಾಕಲು ಅರ್ಜಿದಾರನಿಗೆ ಅವಕಾಶ ಕೊಡಬೇಕು. ಇಳಿದ ಮೇಲಾದರೆ ಅವಳು ನನಗೆ, ಮಗನಿಗೆ, ಸೊಸೆಗೆ, ಭಟ್ಟರಿಗೆ ಎಲ್ಲರಿಗೂ ಕೊಟ್ಟು, ಕೊನೆಗೆ ತನಗೆ ಬೇಡವೆನ್ನುವ ಸಂಭವ ಇರುವ ಕಾರಣ.

ಇತಿ ತಮ್ಮ ವಿಶ್ವಾಸಿ ಮತ್ತು ಹದಿನೈದು ವರ್ಷದ ಬಾಕಿದಾರ,
ತಾರಾನಾಥ

ಲಗತ್ತುಗಳು:
೧. ರೈಲ್ವೆ ಸ್ಟೇಷನ್ನಿನ ತೂಕದ ಟಿಕೇಟು (ಹಿಂಬದಿಯ ಭವಿಷ್ಯವನ್ನು ಪರಿಗಣಿಸಬಾರದಾಗಿ ವಿನಂತಿ).
೨. ಛತ್ರಿ, ಟಾರ್ಚ್, ಹೊಲಿಗೆ ಯಂತ್ರ ಮತ್ತು ಸೀಟಿಯ ಕರಪತ್ರಗಳು. ನಾಲ್ಕರಲ್ಲೂ ಫೋಟೋ ಒಂದೇ.
೩. ಡಾಕ್ಟರರ ಚೀಟಿ.
೪. ಬೆಲ್ಲ, ಒಂದು ಅಚ್ಚು, ಮಾದರಿಗಾಗಿ. ರತ್ನಾವತಿಗೆ ಕಾಣದಂತೆ ಕಾಗದದಲ್ಲಿ ಸುತ್ತಿದೆ.

ಪ್ರತಿ: ಸರ್ವೋತ್ತಮ, ಅಡುಗೆ ವಿಭಾಗ, ಇವರಿಗೆ: ಹೂ ಬಿದ್ದ ಸುದ್ದಿ ಫೋನಿನಲ್ಲಿ ತಲುಪಿದ ಕೂಡಲೇ ಆ ದಿನದ ಸಾಂಬಾರಿನಲ್ಲಿ ಅಗತ್ಯ ಕ್ರಮ ಕೈಗೊಳ್ಳುವ ಬಗ್ಗೆ.