ಅಪ್ಪನ ಕುರ್ಚಿಯ ಪಟ್ಟಿ ಅರಿವೆ

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವನ ಹಾಗೆ ಹೇಳುವುದು. ನನಗೆ ಅದು ಸ್ವಲ್ಪ ಜಾಸ್ತಿಯೇ ಇದೆ. ಅರಿವೆಯ ವಿಷಯದಲ್ಲಿ ನನ್ನ ಜ್ಞಾನ ಅಂಗಿಯ ಗುಂಡಿ ದಾಟಿ ಮುಂದೆ ಹೋದದ್ದಲ್ಲ. ಆದರೂ ಮೊನ್ನೆ ಬೇಸಿಗೆಯಲ್ಲಿ ಹದಿನೈದು ದಿನ, ನಮ್ಮ ಗೋಕಾಕದ ಮನೆಯಲ್ಲಿ, ರೇಷ್ಮೆಗಿಂತ ಪಟ್ಟಿ ಪಟ್ಟಿಯ ದಪ್ಪ ಅರಿವೆಯೇ ಮೇಲು ಎಂದು ವಾದಿಸಿದೆ.

ಜಗಳಕ್ಕೆ ಕಾರಣ ಅಪ್ಪನ ಆರಾಮ ಕುರ್ಚಿ. ಅಪ್ಪ ಹಿಡಕಲ್ ಡ್ಯಾಮಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದ. ಪಾಳಿ ಮುಗಿಸಿ ಬಂದವನೇ ಅಂಗಿ ಕಳಚಿ ಆ ಕುರ್ಚಿಯಲ್ಲಿ ಮೈಚಾಚುತ್ತಿದ್ದ. ಎರಡು ಕೋಲುಗಳ ನಡುವೆ ಜೋತುಬಿದ್ದ ನೀಲಿ-ಬಿಳಿ ಪಟ್ಟಿಯ ಅರಿವೆ ಅದು. ನಾನು ಕುರ್ಚಿಯ ಕೆಳಗೆ ತೂರಿ, ಪಟ್ಟಿಗಳನ್ನು ಎಣಿಸುತ್ತ, ನಡುನಡುವೆ ಅಪ್ಪನ ಬೆನ್ನಿಗೆ ಬೆರಳಿಂದ ತಿವಿಯುತ್ತಿದ್ದೆ. “ಇಲಿ ಬಂತ ನೋಡ ಇಲಿ!” ಎಂದು ಅಪ್ಪ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಅಷ್ಟು ಸುಖವಾದ ಜಾಗ ಮುಂದೆ ನನಗೆ ಎಲ್ಲಿಯೂ ಸಿಗಲಿಲ್ಲ.

ಅಪ್ಪ ಹೋಗಿ ಹತ್ತು ವರ್ಷವಾಯಿತು. ಈ ಸಲ ಅರಿವೆಯ ಅಂಚು ಪಿಸಿದುಹೋಯಿತು. ಹುಕ್ಕೇರಿಯ ಮಗಳಾದ ನನ್ನ ಹೆಂಡತಿ ಶಾಂತಾ ಟ್ರಂಕಿನಿಂದ ತನ್ನ ಹಳೆಯ ರೇಷ್ಮೆ ಸೀರೆ ತೆಗೆದು ತಂದಳು.

“ಇದನ್ನ ಹಾಕಸೂಣ್ರಿ. ಸುಮ್ಮನ ಇಟ್ಟರ ಹುಳಾ ತಿಂತೈತಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ರೇಷ್ಮಿ ಮೈ ಮ್ಯಾಲ ಇರಬೇಕು, ಮೈ ಕೆಳಗಲ್ಲ. ನಮ್ಮಪ್ಪ ಎಂದಾರ ರೇಷ್ಮಿ ಮ್ಯಾಲ ಕುಂತಿದ್ನೇನ?” ಎಂದು ಶುರುಮಾಡಿದೆ. ರೇಷ್ಮೆ ಜಾರುತ್ತದೆ, ಬೆವರಿಗೆ ಕಲೆಯಾಗುತ್ತದೆ, ಭಾರಕ್ಕೆ ಹರಿಯುತ್ತದೆ. ಪಟ್ಟಿ ಅರಿವೆಯಾದರೋ ದುಡಿಯುವವರ ಅರಿವೆ! ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಆ ಪಟ್ಟಿ ಹೋದರೆ ಅಪ್ಪನೂ ಕುರ್ಚಿಯಿಂದ ಎದ್ದು ಹೋದಾನು ಎನಿಸಿತ್ತು. ಅದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ ರೇಷ್ಮೆಯನ್ನು ಬೈದೆ. ಅವ್ವ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅಂಥದೇ ಪಟ್ಟಿ ಗೋಕಾಕದಲ್ಲಿ ಸಿಗಲಿಲ್ಲ. ಮೂಡಲಗಿಯ ಅಂಗಡಿಯವನು, “ಈಗ ಇದನ್ನ ಯಾರ ತಗೋತಾರ್ರಿ ಸರ? ಗಾದಿ ಅರಿವಿ ಐತಿ, ನೋಡ್ತೀರೇನ?” ಎಂದ. ಕೊನೆಗೆ ಹೆಂಡತಿಯ ಊರಾದ ಹುಕ್ಕೇರಿಯಲ್ಲೇ, ಸೋಫಾ ಹೊಲಿಯುವವನ ಹತ್ತಿರ, ನೀಲಿ-ಬಿಳಿ ಪಟ್ಟಿ ಸಿಕ್ಕಿತು. ಗೆದ್ದವನಂತೆ ಹೊತ್ತು ತಂದೆ.

ಅಳತೆಗೆಂದು ಹಳೆಯದರ ಹೊಲಿಗೆ ಬಿಚ್ಚತೊಡಗಿದೆ. ಎರಡು ಪದರ ಪಟ್ಟಿಯ ನಡುವೆ ಏನೋ ಕೆಂಪಗೆ ಕಂಡಿತು. ಎಳೆದರೆ ರೇಷ್ಮೆ! ಮಡಿಕೆ ಮಡಿಕೆಯಾಗಿ, ಒಂದು ಎಳೆಯೂ ಹರಿಯದೆ ಮಿರಮಿರ ಮಿಂಚುತ್ತಿತ್ತು.

“ನನ್ನ ಮದವಿ ಸೀರಿ ಅದು,” ಎಂದಳು ಅವ್ವ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. “ಒಲಿ ಕಿಡಿ ಹಾರಿ ಸೆರಗ ಸುಟ್ಟಿತ್ತ. ಬರೇ ಪಟ್ಟಿ ಅರಿವಿ ನಿಮ್ಮಪ್ಪನ ಭಾರಕ್ಕ ವರ್ಷಾ ವರ್ಷಾ ಹರೀತಿತ್ತ. ಅದಕ್ಕ ನಡುವ ಇಟ್ಟ ಹೊಲದೆ. ಹೇಳಿದ್ರ ಅವರು ಕುಂಡರತಿದ್ದಿಲ್ಲ.”

“ನನಗರೆ ಹೇಳಬಾರದೇನ ಅವ್ವಾ?”

“ನೀ ಕೇಳಿದಿ ಎಲ್ಲಿ? ಹದಿನೈದ ದಿವಸ ಬರೇ ನೀನ ಹೇಳಾಕತ್ತಿದ್ದಿ.”

ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಅಪ್ಪ ಅಷ್ಟು ವರ್ಷ ಅವ್ವನ ಮದುವೆ ಸೀರೆಯ ಮೇಲೆ ಮಲಗಿದ್ದ, ಅದು ಅವನಿಗೂ ತಿಳಿಯಲಿಲ್ಲ, ಕೆಳಗೆ ಕೂತು ಪಟ್ಟಿ ಎಣಿಸಿದ ನನಗೂ ತಿಳಿಯಲಿಲ್ಲ.

ಆ ರೇಷ್ಮೆಯನ್ನೇ ಹೊಸ ಪಟ್ಟಿಗಳ ನಡುವೆ ಇಟ್ಟು ಹೊಲಿಸಿದ್ದೇವೆ. ಸಂಜೆ ನಾನು ಅದರಲ್ಲಿ ಮೈಚಾಚಿದಾಗ ಬಂದವರು, “ಭಾಳ ಗಟ್ಟಿ ಅರಿವಿ ಐತಿ ಬಿಡ್ರಿ ಸರ,” ಎನ್ನುತ್ತಾರೆ. ಪಟ್ಟಿ ಅರಿವೆಯ ಗಟ್ಟಿತನದ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಶಾಂತಾ ಕೆಮ್ಮುತ್ತಾಳೆ. ಬಾಯಿ ಮುಚ್ಚಿ ಹಿಂದಕ್ಕೆ ಒರಗುತ್ತೇನೆ.