ಬಬಲೇಶ್ವರಕ್ಕೆ ಕೇಳಿಸದ ವಿಮಾನ

ಮನೆಯಲ್ಲಿ ಒಬ್ಬರು ವಿಮಾನ ಕಟ್ಟಲು ಕೂತರೆ ಉಳಿದವರಿಗೆ ಸುಮ್ಮನೆ ಕೂಡುವ ಭಾಗ್ಯ ಇರುವುದಿಲ್ಲ. ದಿನಕ್ಕೊಂದು ಫಜೀತಿ ತಾನಾಗಿ ಹುಡುಕಿಕೊಂಡು ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಾಕಾ ತಿಕೋಟಾದ ತೋಟದ ಶೆಡ್ಡಿನಲ್ಲಿ ಕಟ್ಟಿದ್ದು ಒಬ್ಬರೇ ಕೂಡುವ ಪುಟ್ಟ ವಿಮಾನ. ಕಟ್ಟಿಗೆಯ ಹಂದರ, ಮೇಲೆ ಬಟ್ಟೆ. ಅವರು ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆರು ವರ್ಷದ ದುಡಿಮೆ. ಸೋಮವಾರ ಮುಂಬಯಿಯಿಂದ ತಪಾಸಣೆಯ ಸಾಹೇಬರು ಬರುವವರಿದ್ದರು. ವಿಮಾನದ ರೇಡಿಯೋದಲ್ಲಿ ಆಡಿದ ಮಾತು ಕೆಲವು ಮೈಲಿ ಆಚೆಯ ಬಬಲೇಶ್ವರದಲ್ಲಿ ಸ್ಪಷ್ಟ ಕೇಳಿಸಿದರೆ ಹಾರಲು ಪರವಾನಗಿ. ಇಲ್ಲದಿದ್ದರೆ ವಿಮಾನ ಶೆಡ್ಡಿನಲ್ಲೇ.

ನಾನು ವಿಜಾಪುರದ ಕಾನ್ವೆಂಟಿನಲ್ಲಿ ಕಲಿತವಳು. ಆ ಒಂದೇ ತಪ್ಪಿಗೆ ವಿಮಾನದ ರೇಡಿಯೋದ ಇಂಗ್ಲಿಷ್ ಪುಸ್ತಕ ಓದುವುದೂ ಮೈಕಿನಲ್ಲಿ ಮಾತಾಡುವುದೂ ನನ್ನ ಪಾಲಿಗೆ ಬಂದವು. ಮನೆಗೆ ಬಂದವರಿಗೆ ಚಹಾ ಕೊಟ್ಟು ಒಳಗೆ ಓಡುವ ಹುಡುಗಿ ನಾನು.

೧. ಬಸ್ಸಿನಲ್ಲಿ ಬಂದ ಉತ್ತರ

ಶುಕ್ರವಾರ ಮೊದಲ ಪರೀಕ್ಷೆ. ವಿಜಾಪುರದ ರೇಡಿಯೋ ರಿಪೇರಿ ಚಾಚಾ ತಾವೇ ಜೋಡಿಸಿದ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಬಬಲೇಶ್ವರದ ಮಾಳಿಗೆಯ ಮೇಲೆ ಕೂತಿದ್ದರು. ಆ ಪೆಟ್ಟಿಗೆಗೆ ಕೇಳಲು ಮಾತ್ರ ಬರುತ್ತಿತ್ತು, ತಿರುಗಿ ಮಾತಾಡಲು ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಲ್ಲಿಗೆ ಹೋಗಬೇಕು, ಉತ್ತರ ಮಾತ್ರ ಚೀಟಿಯಾಗಿ ಬಸ್ ಕಂಡಕ್ಟರನ ಕೈಯಲ್ಲಿ ಬರಬೇಕು.

ನಾನು ವಿಮಾನದೊಳಗೆ ಕೂತು, ಮೈಕಿನ ಗುಂಡಿ ಒತ್ತಿ ಹಿಡಿದು ಒಂದರಿಂದ ಹತ್ತರವರೆಗೆ ಎಣಿಸಿದೆ. ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ಮಾತು ಹೋಗುತ್ತಿತ್ತು. ಬಸ್ಸು ಬಂತು. ಚೀಟಿಯಲ್ಲಿ ಬರೆದಿತ್ತು: 'ಯಾವಾಗ ಶುರು ಮಾಡ್ತೀರಿ?'

ಕಾಕಾ ಸಿಡಿದರು. "ಸಿಗ್ನಲ್ ವೀಕ್ ಅಲ್ಲ, ನೀನ ವೀಕ್! ಜೋರಾಗಿ ಒದರು!"

ಒದರಿದೆ. ನನಗೆ ಚೇಳು ಕಡಿಯಿತೆಂದು ಕಾಕಾನ ಹೆಂಡತಿ ಕಾಕೂ, ಕಡಿದ ಜಾಗಕ್ಕೆ ತಿಕ್ಕಲು ಅಡಿಗೆಮನೆಯಿಂದ ಉಳ್ಳಾಗಡ್ಡಿ ಹಿಡಿದುಕೊಂಡು ಓಡಿ ಬಂದರು. ಮುಂದಿನ ಬಸ್ಸಿನ ಚೀಟಿ: 'ಏನೂ ಇಲ್ಲ.' ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ಕಂಡಕ್ಟರ್ ಮರುಗಿ ಅಂದ, "ತಂಗೆವ್ವಾ, ನೀ ಒದರಿದ್ದು ನನಗ ಬಸ್ಸಿನ್ಯಾಗ ಕೇಳಿಸ್ತು. ಅದನ್ನ ಬರದು ಕೊಡಲೇನು?"

೨. ಚಾಚಾನ ಮದ್ದು

ಶನಿವಾರ ಅದಲು ಬದಲು. ಪೆಟ್ಟಿಗೆ ಹೊತ್ತು ಕಾಕಾ ಬಬಲೇಶ್ವರಕ್ಕೆ ಹೋದರು, ಚಾಚಾ ತಿಕೋಟಾಕ್ಕೆ ಬಂದರು. ವಿಮಾನದ ಸುತ್ತ ಒಂದು ಸುತ್ತು ಹಾಕಿ, "ಇದಕ್ಕ ಅರ್ಥ್ ವೈರ ಇಲ್ಲಲ್ರಿ!" ಎಂದರು.

ಚಾಚಾ ಯಾರ ಮನೆಯಲ್ಲಿ ರೇಡಿಯೋ ಹಚ್ಚಿದರೂ ಅದರಿಂದ ಒಂದು ತಂತಿ ಎಳೆದು ಅಂಗಳದ ತಗ್ಗಿನಲ್ಲಿ ಹೂಳುತ್ತಿದ್ದರು. ಮೇಲೆ ಇದ್ದಿಲು, ಉಪ್ಪು, ನೀರು. ವಿಮಾನಕ್ಕೂ ಅದೇ ಮದ್ದು ಆಯಿತು. ಗಾಲಿಯ ಪಕ್ಕ ತಗ್ಗು ತೋಡಿದರು, ಕಾಕೂ ಒಂದು ಕೊಡಪಾನ ನೀರು ಸುರಿದರು, ನಾನು ಎಣಿಸಿದೆ. ಚೀಟಿ ಬಂತು: 'ಗಂಟಿ ಹೊಡದಂಗ ಕೇಳಿಸ್ತು!'

ಅದರ ಬೆನ್ನಿಗೇ ಬಂದ ಬಸ್ಸಿನಲ್ಲಿ ಕಾಕಾ ಬಂದು ಚಾಚಾನನ್ನು ಅಪ್ಪಿಕೊಂಡರು. "ಏನ್ ಮಾಡಿದ್ರಿ ಉಸ್ತಾದ?" ಚಾಚಾ ಹೆಮ್ಮೆಯಿಂದ ತಗ್ಗು ತೋರಿಸಿದರು. ಕಾಕಾ ತಗ್ಗಿನಿಂದ ವಿಮಾನಕ್ಕೆ ಹೋದ ತಂತಿಯನ್ನು ಬೆರಳಿನಿಂದ ಎತ್ತಿ ಹಿಡಿದರು.

"ಉಸ್ತಾದ, ಇದು ಹಾರಬೇಕಲ್ರಿ."

ಚಾಚಾ ಗಡ್ಡ ತುರಿಸಿಕೊಂಡರು. "ಉದ್ದನ್ನ ವೈರ ಬಿಡೂಣ್ರಿ. ನೀರ ಹಾಕಾಕ ಕೆಳಗ ಭಾಭಿ ಇರ್ತಾರ."

೩. ಅಡಿಗೆಮನೆಯ ತಗಡು

ರವಿವಾರ. ಕಾಕಾ ಊಟ ಬಿಟ್ಟರು. ಬ್ಯಾಟರಿ ತಪ್ಪೆಂದು ಕಾಕಾ, ಬೆಸುಗೆ ತಪ್ಪೆಂದು ಚಾಚಾ. ಅವರ ನಡುವೆ ಉಸಿರು ಸಿಕ್ಕ ಕಡೆ ನಾನು ಮೆಲ್ಲಗೆ ಅಂದೆ, "ಕಾಕಾ, ಕಟ್ಟಿಗಿ ವಿಮಾನ ಆದ್ರ ಏರಿಯಲ್ ಬುಡಕ್ಕ ಅಗಲಾನ ತಗಡು ಇರಬೇಕಂತ. ನೆಲ ಮಾಡೋ ಕೆಲಸ ಅದು ಮಾಡತೈತಂತ. ಪುಸ್ತಕದಾಗ ಐತಿ."

ಇಬ್ಬರೂ ನನ್ನ ಕಡೆ ತಿರುಗಿದರು.

"ಯಾವಾಗ ಓದಿದಿ?"

"ಗುರುವಾರ."

"ಮತ್ತ ಬಾಯಿ ಬಿಡಾಕ ಏನಾಗಿತ್ತು?"

"ನೀವು ಮಾತಾಡಾಕತ್ತಿದ್ರಿ."

ತಗಡಿನ ಅಂಗಡಿಗೆ ರವಿವಾರ ಸೂಟಿ. ಕಾಕಾನ ಕಣ್ಣು ಅಡಿಗೆಮನೆಯ ಗೋಡೆಗೆ ಆನಿಸಿಟ್ಟ ಪರಾತದ ಮೇಲೆ ಬಿತ್ತು. ಕಾಕೂ ಹಿಟ್ಟು ನಾದುವ ಅಲ್ಯುಮಿನಿಯಂ ಪರಾತ ಅದು. ನಡುವೆ ತೂತು ಕೊರೆದು ಏರಿಯಲ್ ಬುಡಕ್ಕೆ ಬಿಗಿದರು. ಚಾಚಾ ಪೆಟ್ಟಿಗೆ ಹೊತ್ತು ಬಬಲೇಶ್ವರಕ್ಕೆ ಹೋದರು. ತಗ್ಗಿಲ್ಲ, ನೀರಿಲ್ಲ, ಆದರೂ ಸಂಜೆಯ ಬಸ್ಸಿಗೆ ಅವರ ಚೀಟಿ ಬಂತು: 'ಭಾಳ ಚಲೋ.'

ಎಲ್ಲರೂ ಕುಣಿದರು. ಕಾಕೂ ಮಾತ್ರ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂದರು, "ಇಪ್ಪತ್ತು ವರ್ಷ ಈ ಮನ್ಯಾಗ ನಾದಿದಾಕಿ ನಾನು. ಹಾರಾಕ ಹೊಂಟಿದ್ದು ಪರಾತ."

೪. ಹೆಬ್ಬೆರಳು

ಸೋಮವಾರ ಸಾಹೇಬರು ಬಂದರು. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ನಗೆ ಮೊದಲೇ ಇಲ್ಲ. ಕಾಕೂ ಬಡಿದ ಜೋಳದ ರೊಟ್ಟಿ ಉಂಡು, ಕಾಕಾನನ್ನೂ ಪೆಟ್ಟಿಗೆಯನ್ನೂ ಜೀಪಿನಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ಹೋದರು.

ಸರಿಯಾಗಿ ಮೂರಕ್ಕೆ ನಾನು ಮೈಕಿನ ಗುಂಡಿ ಒತ್ತಿದೆ. ಎಣಿಸಿದೆ, ಬರೆದುಕೊಟ್ಟ ಎರಡು ಸಾಲು ಓದಿದೆ, ಮುಗಿಯಿತು. ಕಾಕೂ ವಿಮಾನದ ಕಿಟಕಿಗೆ ಬಂದರು.

"ಆತೇನ ಬೇ? ಆ ಸಾಹೇಬನ ಮಾರಿ ನೋಡಿದೇನ? ಹುಣಚಿಕಾಯಿ ಕಡದಂಗ! ನಾಕ ರೊಟ್ಟಿ ತಿಂದಾನ, ಚಲೋ ಆಗ್ಯಾವ ಅಂತ ಒಂದ ಮಾತಿಲ್ಲ. ಪರವಾನಗಿ ಕೊಡಲಿಲ್ಲಂದ್ರ ಹೊಟ್ಯಾಗ ಕಲ್ಲಾಗಲಿ ಅವು!"

"ಕಾಕೂ, ಹಂಗ ಅನಬ್ಯಾಡ್ರಿ."

"ಯಾಕ ಅನಬಾರ್ದು? ನಿಮ್ಮ ಕಾಕಾ ಆರು ವರ್ಷ ಇದಕ್ಕ ನಿದ್ದಿ ಕೊಟ್ಟಾರ. ಅವರಂಥಾ ಕೆಲಸಗಾರ ಈ ಜಿಲ್ಲಾದಾಗ ಇಲ್ಲ. ಅವರ ಮುಂದ ಹೇಳಬ್ಯಾಡ ಮತ್ತ, ತಲಿ ಮ್ಯಾಲ ಕೂಡ್ತಾರ."

ಆಗ ನನ್ನ ಕಣ್ಣು ಕೈಯ ಮೇಲೆ ಹೋಯಿತು. ಹೆದರಿಕೆಗೆ ಹೆಬ್ಬೆರಳು ಗುಂಡಿಯ ಮೇಲೇ ಬಿಳಿಚಿಕೊಂಡು ಕೂತಿತ್ತು. ತೆಗೆದೇ ಇಲ್ಲ!

ತೋರಿಸಿದೆ. ಕಾಕೂ ಕಿಟಕಿಯನ್ನು ಹಿಡಿದುಕೊಂಡರು. "ಎಲ್ಲಾ... ಬಬಲೇಶ್ವರಕ್ಕ ಹೋತೇನ?"

"ಸಿಗ್ನಲ್ ಚಲೋ ಇದ್ರ ಹೋಗಿರತೈತ್ರಿ."

"ಯಪ್ಪಾ ದೇವರ, ಇದೊಂದ ಸಲ ಕೆಟ್ಟಿರಲಿ!" ಎಂದವರು ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. ಕೇಳಿಸಿದ್ದರೆ ಮಾನ ಹೋಯಿತು, ಕೇಳಿಸದಿದ್ದರೆ ವಿಮಾನ. ಯಾವುದನ್ನು ಬೇಡಬೇಕೋ ತಿಳಿಯದೆ ಇಬ್ಬರೂ ರಸ್ತೆಯ ಧೂಳು ನೋಡುತ್ತ ನಿಂತೆವು.

ಜೀಪು ಬಂತು. ಕಾಕಾ ನೆಲ ನೋಡುತ್ತ ಇಳಿದರು, ಕಿವಿ ಕೆಂಪಾಗಿದ್ದವು. ಸಾಹೇಬರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಏನೋ ಬರೆದರು, ಸಹಿ ಹಾಕಿ ಕಾಕಾನ ಕೈಗೆ ಕೊಟ್ಟರು. ಪರವಾನಗಿ! ಆಮೇಲೆ ಕಾಕೂ ಕಡೆ ತಿರುಗಿ, ಅಪ್ಪಟ ಧಾರವಾಡದ ಕನ್ನಡದಲ್ಲಿ ಅಂದರು:

"ಎಲ್ಲಾ ಸ್ಪಷ್ಟ ಕೇಳಿಸ್ತ್ರಿ ವೈನಿ. ಆದರ ನಾ ತಿಂದದ್ದು ನಾಕ ಅಲ್ಲ, ಐದ."