ಹೊಳಬಸಪ್ಪ ಹೂಂ ಅಂದದ್ದು

ಇಲಕಲ್ಲಿನ ಹೊಳಬಸಪ್ಪನಿಗೆ ಆ ದಿನ ಬಂದ ಫಜೀತಿಗೆಲ್ಲ ಮೂಲ ಒಂದೇ ಒಂದು ‘ಹೂಂ’. ನಲವತ್ತು ವರ್ಷ ಕರಡಿ ಮಜಲು ಮೇಳದಲ್ಲಿ ಸೊಂಟಕ್ಕೆ ಕರಡಿವಾದ್ಯ ಬಿಗಿದು ಬಾರಿಸಿದವನು ಅವನು. ಅವನ ಬಡಿತ ಬೀಳದೆ ಊರಲ್ಲಿ ಒಂದು ಮೆರವಣಿಗೆಯೂ ಹೆಜ್ಜೆ ಎತ್ತಿಡುತ್ತಿರಲಿಲ್ಲ. ಆ ಬಡಿತಕ್ಕೇ ಹತ್ತು ವರ್ಷದ ಹಿಂದೆ ಅವನ ಎರಡೂ ಕಿವಿ ಕೈಕೊಟ್ಟಿದ್ದವು. ಇದು ಹೊರಬಿದ್ದರೆ ಮೇಳದವರು ಮುಂದಾಳಿನ ಜಾಗದಿಂದ ಇಳಿಸಿ, ಕೈಗೆ ತಾಳ ಕೊಟ್ಟು ಹಿಂದಿನ ಸಾಲಿಗೆ ದಬ್ಬುತ್ತಾರೆ. ಆ ಹೆದರಿಕೆಗೆ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಗುಟ್ಟು ಕಾಯಲು ಅವನದೊಂದು ಪದ್ಧತಿ ಇತ್ತು. ಎದುರಿನವರು ನಕ್ಕರೆ ತಾನೂ ನಗುವುದು, ಮುಖ ಗಂಟಿಕ್ಕಿದರೆ ‘ಏನ್ ಮಾಡೂದ್ರಿ, ಕಾಲ ಕೆಟ್ಟೈತಿ’ ಅನ್ನುವುದು, ಉಳಿದದ್ದಕ್ಕೆಲ್ಲ ‘ಹೂಂ’. ಈ ಪದ್ಧತಿಯಿಂದ ಅವನಿಗೆ ಓಣಿಯಲ್ಲಿ ಭಾಳ ಒಳ್ಳೆಯವ ಎಂಬ ಹೆಸರೂ, ಹಿತ್ತಲಲ್ಲಿ ಬೇಡವಾಗಿದ್ದ ಎರಡು ಎಮ್ಮೆಗಳೂ ಬಂದಿದ್ದವು.

ಹೆಂಡತಿ ಗುರುಲಿಂಗವ್ವನಿಗೆ ಎಲ್ಲ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಇವನಿಗೆ ಗೊತ್ತಿರಲಿಲ್ಲ, ಅಷ್ಟೇ. ಗಂಡನ ಮಾನ ಹೋಗಬಾರದೆಂದು ಅವಳು ಹತ್ತು ವರ್ಷದಿಂದ ಒದರಿ ಒದರಿ ಮಾತಾಡುತ್ತಿದ್ದಳು. ಆ ಒದರಾಟದಲ್ಲಿ ನಾಲ್ಕಕ್ಕೆ ಒಂದು ಮಾತಾದರೂ ಅವನ ಕಿವಿಗೆ ಬೀಳುತ್ತಿತ್ತು. ಓಣಿಯ ಹೆಂಗಸರು ಅವಳನ್ನು ಗಯ್ಯಾಳಿ ಅಂದರು. ಅದನ್ನೂ ನುಂಗಿಕೊಂಡು ಸಂಸಾರ ನಡೆಸಿದ್ದಳು ಆ ತಾಯಿ.

ಆ ದಿನ ಮುಂಜಾನೆ ಅವನು ರೊಟ್ಟಿ ಮುರಿಯುತ್ತಿದ್ದಾಗ ಎದುರುಮನೆ ಶಾರವ್ವ ಮೊಮ್ಮಗಳು ಗೀತಾಂಜಲಿಯನ್ನು ಕರೆದುಕೊಂಡು ಬಂದಳು. ಒಂಬತ್ತು ವರ್ಷದ ಆ ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಹುನಗುಂದದಲ್ಲಿ ಅಂಥ ಮಕ್ಕಳಿಗೆಂದೇ ಇದ್ದ ಸಾಲಿಯಲ್ಲಿ ಓದುತ್ತಿದ್ದಳು. ಶಾರವ್ವ ಗೂಟಕ್ಕೆ ತೂಗುಹಾಕಿದ್ದ ಕರಡಿವಾದ್ಯವನ್ನು ತೋರಿಸಿದಳು, ಹುಡುಗಿಯನ್ನು ತೋರಿಸಿದಳು, ಹುನಗುಂದದ ದಿಕ್ಕಿಗೆ ಕೈ ಮಾಡಿದಳು, ನಡುವೆ ಬಹಳ ಹೊತ್ತು ಏನೇನೋ ಹೇಳಿದಳು. ಮಕ್ಕಳ ಮುಂದೆ ಬಾರಿಸಲು ಕರೆಯುತ್ತಿದ್ದಾಳೆ ಎಂದುಕೊಂಡು ಹೊಳಬಸಪ್ಪ ಉದಾರವಾಗಿ ‘ಹೂಂ’ ಅಂದ. ಹತ್ತೇ ನಿಮಿಷದಲ್ಲಿ ಅಬ್ದುಲಸಾಬನ ಆಟೊ ಬಾಗಿಲಿಗೆ ಬಂದು ನಿಂತಿತು. ಕರಡಿ ಹೊತ್ತು ಅವನೂ ಜೊತೆಗೆ ಹುಡುಗಿಯೂ ಹುನಗುಂದಕ್ಕೆ ಹೊರಟರು.

ಸಾಲಿಯ ಬಾಗಿಲಲ್ಲಿ ಹೊಳಬಸಪ್ಪನ ಎದೆ ಹಗುರಾಯಿತು. ಒಳಗಿದ್ದವರೆಲ್ಲ ಕಿವುಡರೇ. ಇಲ್ಲಿ ತನ್ನನ್ನು ಹಿಡಿಯುವವರು ಯಾರು? ಹಾಳೂರಿಗೆ ಉಳಿದವನೇ ಗೌಡ ಎಂದುಕೊಂಡು ಮೀಸೆ ತೀಡಿ ಒಳಗೆ ಹೋದ.

ಎಲ್ಲರೂ ಹೆಡ್‌ಬಾಯಿ ಅನ್ನುವ ಮುಖ್ಯ ಶಿಕ್ಷಕಿ ಬಸವೇಶ್ವರಿ ಮಕ್ಕಳನ್ನು ಹಲಗೆಯ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂರಿಸಿದ್ದಳು. ಮುಂದೆ ಉದ್ದಕ್ಕೂ ಬಿಳಿ ಹಾಳೆ, ಬಟ್ಟಲುಗಳಲ್ಲಿ ಬಣ್ಣ. ಬಡಿತ ಮೈಗೆ ತಾಗಿದಂತೆ ಬಣ್ಣ ಹಚ್ಚಬೇಕು. ದಪ್ಪ ಬಡಿತಕ್ಕೆ ಕೆಂಪು ಅಂಗೈ, ಸಣ್ಣದಕ್ಕೆ ಹಳದಿ ಚುಕ್ಕೆ. ತಾಯಂದಿರೂ ಮಕ್ಕಳ ಕೈಮೇಲೆ ಕೈ ಇಟ್ಟು ಕೂತಿದ್ದರು. ಹೊಳಬಸಪ್ಪ ಬಾರಿಸಿದ. ಕಟ್ಟೆ ನಡುಗಿತು, ಹಾಳೆ ಕೆಂಪಾಯಿತು, ಅಬ್ದುಲಸಾಬನ ಬಿಳಿ ಅಂಗಿಯೂ ಕೆಂಪಾಯಿತು. ಗೀತಾಂಜಲಿ ಕರಡಿಗೇ ಕೆನ್ನೆ ಆನಿಸಿ ನಿಂತಳು. ಅವನು ಬೇಕೆಂದೇ ನಡುವೆ ನಡೆ ತಿರುವಿ ಸಣ್ಣ ಬಡಿತಕ್ಕೆ ಇಳಿದರೆ, ಕಣ್ಣು ಮುಚ್ಚಿಕೊಂಡೇ ಹಳದಿ ಬಟ್ಟಲಿಗೆ ಬೆರಳಿಟ್ಟಳು. ಮೇಳದ ಮೀಸೆ ಬಂದ ಗಂಡಸರಿಗೂ ಆ ತಿರುವು ಅಷ್ಟು ಬೇಗ ಸಿಕ್ಕಿರಲಿಲ್ಲ. ಹತ್ತು ವರ್ಷದಿಂದ ಹೊಳಬಸಪ್ಪನೂ ಕರಡಿಯನ್ನು ಹೊಟ್ಟೆಯಿಂದಲೇ ಕೇಳುತ್ತಿದ್ದ.

ಬಾರಿಸುವುದು ಮುಗಿದ ಮೇಲೆ ಬಸವೇಶ್ವರಿ ಒಂದು ಕಾಗದ ಹಿಡಿದು ಏನೋ ಕೇಳಿದಳು. ಅವನು ‘ಹೂಂ’ ಅಂದು ಸಹಿ ಮಾಡಿದ. ಕೂಡಲೇ ಅವನನ್ನು ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ರುಮಾಲು ತೆಗೆಸಿ, ಕಿವಿಗೆ ದಪ್ಪ ಡಬ್ಬಿಗಳನ್ನು ಏರಿಸಿದರು. ಗಾಜಿನ ಆಚೆ ಬಾಗಲಕೋಟೆಯಿಂದ ಬಂದ ಕಿವಿ ಡಾಕ್ಟರು ಶಿವಪ್ರಕಾಶ. ಸಪ್ಪಳ ಕೇಳಿಸಿದಾಗ ಬೆರಳೆತ್ತಬೇಕೆಂದು ಸನ್ನೆ ಮಾಡಿ ತೋರಿಸಿದರು.

ಹೊಳಬಸಪ್ಪನಿಗೆ ಬೆವರು ಕಿತ್ತುಕೊಂಡಿತು. ಇಲ್ಲಿ ಬಾರಿಸುವವರಿಗೂ ಪರೀಕ್ಷೆ ಉಂಟೆಂದು ಯಾರಿಗೆ ಗೊತ್ತಿತ್ತು? ಬಾಗಿಲಲ್ಲೇ ಅಬ್ದುಲಸಾಬ ನಿಂತಿದ್ದಾನೆ. ನಪಾಸಾದರೆ ಸಂಜೆಯೊಳಗೆ ಇಲಕಲ್ಲಿಗೆಲ್ಲ ಸುದ್ದಿ.

ಅಜ್ಜನ ಅವಸ್ಥೆಯನ್ನು ಗೀತಾಂಜಲಿ ಕಂಡಳು. ಆ ಕೋಣೆಯಲ್ಲಿ ಅವಳು ವರ್ಷಕ್ಕೆರಡು ಸಲ ಕೂತವಳು. ಡಾಕ್ಟರ ಬೆನ್ನಹಿಂದೆ ಹೋಗಿ ನಿಂತಳು. ಯಂತ್ರದಿಂದ ಸಪ್ಪಳ ಹೊರಟಾಗೊಮ್ಮೆ ಅದರ ಮೇಲೆ, ಡಾಕ್ಟರ ಕಡೆಗಷ್ಟೇ ಕಾಣುವಂತೆ, ಒಂದು ಕೆಂಪು ದೀಪ ಮಿಣುಕುತ್ತಿತ್ತು. ಅದು ಮಿಣುಕಿದಾಗೆಲ್ಲ ಹುಡುಗಿ ಹುಬ್ಬು ಹಾರಿಸಿದಳು, ಹುಬ್ಬು ಹಾರಿದಾಗೆಲ್ಲ ಹೊಳಬಸಪ್ಪ ಬೆರಳೆತ್ತಿದ. ಡಾಕ್ಟರು ಸಪ್ಪಳ ಸಣ್ಣದು ಮಾಡಿದರು. ಬೆರಳು ಎದ್ದಿತು. ಇನ್ನೂ ಸಣ್ಣದು ಮಾಡಿದರು. ಆಗಲೂ ಎದ್ದಿತು. ಡಾಕ್ಟರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಹೊಳಬಸಪ್ಪ ಹೊರಬಂದು ಮೀಸೆ ತಿರುವಿದ. ಅಬ್ದುಲಸಾಬನೂ ಹೊತ್ತು ಹೋಗಲೆಂದು ಅದೇ ಕುರ್ಚಿಯಲ್ಲಿ ಕೂತೆದ್ದ.

ಮಧ್ಯಾಹ್ನ ಪಾಲಕರ ಸಭೆ. ಗುರುಲಿಂಗವ್ವನೂ ಶಾರವ್ವನೂ ಬಸ್ಸಿಗೆ ಬಂದಿಳಿದರು. ಮೂರು ವರ್ಷದ ಒಂದು ಕೂಸಿನ ಕಿವಿಗೆ ಮಷೀನು ಸಿಕ್ಕಿಸಿದರು. ತಾಯಿ ಹಿಂದಿನಿಂದ ಕರೆದಳು. ಕೂಸು ಹೊರಳಿ ನೋಡಿತು, ಆಮೇಲೆ ಕೇಕೆ ಹಾಕಿ ನಕ್ಕಿತು. ಅದನ್ನು ನೋಡಿದ ಹೊಳಬಸಪ್ಪನ ಕಣ್ಣು ತುಂಬಿದವು. ಗುರುಲಿಂಗವ್ವ ತನ್ನನ್ನು ಮೆಲ್ಲಗೆ ಕರೆದರೆ ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಮೇಳ ಹಾಳಾಗಲಿ, ತಾಳ ಹಿಡಿದರೂ ಸೈ, ಇವತ್ತು ಖರೆ ಹೇಳಿಬಿಡುತ್ತೇನೆ ಎಂದು ಎದ್ದುನಿಂತ.

ಆ ಸಾಲಿಯಲ್ಲಿ ಆಡಿದ ಮಾತನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆಯುವ ರೂಢಿ. ಅವನು ಬಾಯಿ ತೆರೆಯುವ ಮೊದಲೇ ಬಸವೇಶ್ವರಿ ಡಾಕ್ಟರ ಮಾತು ಬರೆದಳು: ‘ಗುರುಲಿಂಗವ್ವನವರು ಯಜಮಾನರಿಗಾಗಿ ಕೇಳಿದ್ದ ಮಷೀನು ಬೇಕಾಗಿಲ್ಲ. ಹೊಳಬಸಪ್ಪನವರ ಎರಡೂ ಕಿವಿ ಇಪ್ಪತ್ತರ ಹುಡುಗರ ಕಿವಿಯಷ್ಟು ಚುರುಕು.’

ಅವನನ್ನು ಇಲ್ಲಿಗೆ ಕಳಿಸಿದ್ದು ಇದಕ್ಕೇ ಎಂಬುದು ಆಗ ಹೊಳಬಸಪ್ಪನಿಗೆ ತಿಳಿಯಿತು. ಗುರುಲಿಂಗವ್ವ ಹಲಗೆ ನೋಡಿದಳು, ಗಂಡನ ಮುಖ ನೋಡಿದಳು.

“ಹತ್ತು ವರ್ಷ,” ಎಂದು ಒದರಿದಳು. “ತವರಮನಿಗೆ ಕರಕೊಂಡು ನಡೀರಿ ಅಂದೆ, ಕೇಳಿಸ್ತಿತ್ತು. ಮಣಕಾಲ ನೋಯ್ತಾವ, ದವಾಖಾನಿಗೆ ಹೋಗೂಣು ಅಂದೆ, ಅದೂ ಕೇಳಿಸ್ತಿತ್ತು. ಪಾಪ ಕಿವುಡ ಅಂತ ನಾ ಎಲ್ಲಾ ಹೊಟ್ಯಾಗ ಹಾಕ್ಕೊಂಡೆ.”

“ನಾ ಖರೇನ ಕಿವುಡ ಅದೇನಿ,” ಅಂದ ಹೊಳಬಸಪ್ಪ. “ಡಾಕ್ಟರ್ರ, ಆಣಿ ಮಾಡಿ ಹೇಳ್ತೇನಿ.”

ಡಾಕ್ಟರು ನಕ್ಕು ಪೆಟ್ಟಿಗೆ ಮುಚ್ಚಿದರು. ಹುಡುಗಿ ಹುಬ್ಬು ಹಾರಿಸಿದ ವಿಷಯ ಹೇಳೋಣವೆಂದು ಅವನು ಬಾಯಿ ತೆರೆದ. ಎದುರಿಗೆ ಗೀತಾಂಜಲಿ, ಅಜ್ಜನನ್ನು ತಾನೇ ಪಾಸು ಮಾಡಿಸಿದ ಹೆಮ್ಮೆಯಲ್ಲಿ ಅರಳಿ ನಿಂತಿದ್ದಳು. ಹೇಳಿದರೆ ಬೈಗುಳ ಆ ಕೂಸಿಗೆ. ಹೊಳಬಸಪ್ಪ ಬಾಯಿ ಮುಚ್ಚಿದ.

ಅವನ ಪಾಲಿಗೆಂದು ತಂದಿದ್ದ ಮಷೀನು ಅಷ್ಟರಲ್ಲಿ ಅಬ್ದುಲಸಾಬನ ಕಿವಿ ಸೇರಿತ್ತು. ಇಪ್ಪತ್ತು ವರ್ಷ ಆಟೊದ ಎಂಜಿನ್ ಸಪ್ಪಳ ಕುಡಿದ ಅವನ ಕಿವಿ ಪರೀಕ್ಷೆಯಲ್ಲಿ ನಪಾಸಾಗಿತ್ತು.

“ಒದರಿ ಒದರಿ ಓಣಿ ಮಂದಿ ಕಡಿಂದ ಗಯ್ಯಾಳಿ ಅನಿಸ್ಕೊಂಡೆ,” ಅಂದಳು ಗುರುಲಿಂಗವ್ವ ಆಟೊ ಹತ್ತುತ್ತಾ. “ಇನ್ನ ಮ್ಯಾಲೆ ಒದರೂದಿಲ್ಲ. ಮೆಲ್ಲಕ ಹೇಳ್ತೇನಿ, ಕೇಳ್ರಿ.”

ಹೇಳಿದ ಹಾಗೇ ಮಾಡಿದಳು. ಹತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ, ಅವನ ಮನೆತನ, ಅವನ ಗೊರಕೆ, ಮೊದಲ ರಾತ್ರಿ ಅವನು ಹೆದರಿಕೊಂಡದ್ದು ಸಹಿತ, ಹುನಗುಂದದಿಂದ ಇಲಕಲ್ಲಿನವರೆಗೆ ಪಿಸುದನಿಯಲ್ಲಿ ಹೇಳುತ್ತಲೇ ಬಂದಳು. ಹೊಳಬಸಪ್ಪನಿಗೆ ಒಂದಕ್ಷರ ಕೇಳಲಿಲ್ಲ. ಮುಂದೆ ಕೂತ ಅಬ್ದುಲಸಾಬನಿಗೆ ಮಾತ್ರ ಒಂದಕ್ಷರವೂ ಬಿಡದೆ ಕೇಳಿಸುತ್ತಿತ್ತು.